ಎರಡು ತೂತು ಸಡಿಲ

ನಾನು ಐದು ಚಳಿಗಾಲ ಹಿಮದ ಮೇಲೆ ಓಡುವ ಗಾಡಿಗಳನ್ನು ರಿಪೇರಿ ಮಾಡಿದೆ. ಗದಗಿನಲ್ಲಿರುವ ನನ್ನ ಬಳಗದವರು ಅದನ್ನು ಟ್ರ್ಯಾಕ್ಟರಿನಂಥದ್ದೇನೋ ಎಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಆಕ್ಲೆಂಡಿನಿಂದ ಬಹು ದಕ್ಷಿಣಕ್ಕಿರುವ ಡನೀಡಿನ್‌ನಲ್ಲಿ ಮೆಕ್ಯಾನಿಕಲ್ ಓದಿ ಮುಗಿಸಿದವನಿಗೆ ಸಿಕ್ಕಿದ್ದು ಅಲ್ಲಿಂದ ನಾಲ್ಕು ಗಂಟೆ ದೂರದ ಒಂದು ಸ್ಕೀ ಬೆಟ್ಟದ ವರ್ಕ್‌ಶಾಪು. ಕೆಳಗಿನ ಊರಿನಲ್ಲಿ ಮೂವರು ಫ್ಲ್ಯಾಟ್‌ಮೇಟ್‌ಗಳ ಜೊತೆ ಬಾಡಿಗೆ ಮನೆ, ಬೆಳಗ್ಗೆ ಯೂಟ್ ಎನ್ನುವ ಪಿಕಪ್ ಗಾಡಿ ಹತ್ತಿ ಮಣ್ಣುದಾರಿಯಲ್ಲಿ ಮೇಲಕ್ಕೆ. ಆ ಕೆಲಸ ನನಗೆ ಹಿಡಿಸಿತ್ತು. ಈಗ ಡನೀಡಿನ್‌ನ ಹೊರವಲಯದ ಗ್ಯಾರೇಜೊಂದರಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳ ಬ್ಲೇಡು ಹರಿತ ಮಾಡುತ್ತೇನೆ. ಬೆಟ್ಟಕ್ಕೆ ನನ್ನನ್ನು ಯಾರೂ ಕರೆಯುವುದಿಲ್ಲ. ಕರೆಯಲೂಬಾರದು.

ಸ್ನೋಮೊಬೈಲ್ ಎಂದರೆ ಬಹಳ ದೊಡ್ಡ ವಿದ್ಯೆಯೇನಲ್ಲ. ಮುಂದೆ ಎರಡು ಸ್ಕೀ, ಹಿಂದೆ ಹಲ್ಲುಹಲ್ಲಾದ ಉದ್ದನೆಯ ರಬ್ಬರ್ ಟ್ರ್ಯಾಕು, ಮೇಲೆ ಸೀಟು, ಮೋಟರ್‌ಸೈಕಲ್ಲಿನಂಥ ಹ್ಯಾಂಡಲ್. ಟ್ರ್ಯಾಕು ತಳ್ಳುತ್ತದೆ, ಸ್ಕೀಗಳು ತಿರುಗಿಸುತ್ತವೆ. ಮಿಕ್ಕಿದ್ದೆಲ್ಲ ಭಾರ ಎಲ್ಲಿ ಕೂರುತ್ತದೆ ಎಂಬುದರ ಲೆಕ್ಕ. ಭಾರ ಮುಂದೆ ಕೂತರೆ ಗಾಡಿ ಹೇಳಿದ ಕಡೆ ತಿರುಗುತ್ತದೆ, ಆದರೆ ಹ್ಯಾಂಡಲ್ ಎಳೆಯಲು ತೋಳು ಬೇಕು, ಹೊಸ ಹಿಮದಲ್ಲಿ ಮೂತಿ ಹೂತುಕೊಂಡು ನಿಲ್ಲುತ್ತದೆ. ಹಿಂದೆ ಕೂತರೆ ಹ್ಯಾಂಡಲ್ ಬೆಣ್ಣೆ, ಹೊಸ ಹಿಮದ ಮೇಲೆ ತೇಲುತ್ತದೆ, ಆದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮುಂಭಾಗ ಎದ್ದು ನಿಲ್ಲುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಸಿಗುತ್ತದೆ ಎಂದು ಹೇಳುವ ಮೆಕ್ಯಾನಿಕ್ ಸುಳ್ಳುಗಾರ, ಇಲ್ಲವೇ ಹುಡುಗುಬುದ್ಧಿಯವನು. ನಾನು ಮೊದಲು ಎರಡನೆಯವನಾಗಿದ್ದೆ, ಆಮೇಲೆ ಮೊದಲನೆಯವನಾದೆ.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ಕಟ್ಟುಪಾಡು ಇತ್ತು. ಗಾಡಿಯ ಸಸ್ಪೆನ್ಷನ್ನಿಗೋ ಗೇರಿಗೋ ಕೈ ಹಚ್ಚಿದವನು ಹ್ಯಾಂಡಲ್ಲಿಗೆ ಹಳದಿ ಚೀಟಿ ಕಟ್ಟಬೇಕು. ಏನು ಬದಲಾಯಿಸಿದೆ ಎಂದು ಅದರಲ್ಲಿ ಬರೆಯಬೇಕು. ಆ ಗಾಡಿಯನ್ನು ದಿನಾ ಓಡಿಸುವವರು ಬಂದು, ದಿನಾ ಎಳೆಯುವ ಹೊರೆಯನ್ನೇ ಹಿಂದೆ ಕಟ್ಟಿಕೊಂಡು, ಶೆಡ್ಡಿನ ಮುಂದಿನ ದಿಬ್ಬವನ್ನು ಮೂರು ಸುತ್ತು ಹೊಡೆದು, ತಾವೇ ಚೀಟಿ ಬಿಚ್ಚಬೇಕು. ಮೆಕ್ಯಾನಿಕ್ ಬಿಚ್ಚುವಂತಿಲ್ಲ. ನಮ್ಮ ಯಜಮಾನ, ಇಲ್ಲಿಯವನೇ ಆದ ಒಬ್ಬ ಮುದುಕ, ಬಾಕಿ ಎಲ್ಲದರಲ್ಲೂ ಉದಾಸೀನ, ಇದೊಂದರಲ್ಲಿ ಮಾತ್ರ ಮಡಿವಂತ. ನನಗೆ ಒಳಗೊಳಗೇ ನಗು ಬರುತ್ತಿತ್ತು. ಒಂದು ಬೋಲ್ಟ್ ತಿರುಗಿಸಿದ್ದಕ್ಕೂ ಮದುವೆ ಕರೆಯೋಲೆ ಹಂಚಿದ ಹಾಗೆ ಊರಿಗೆಲ್ಲ ಹೇಳಬೇಕೇ ಎಂದು.

ಬೆಟ್ಟದ ಮೇಲೆ ಕನ್ನಡ ಮಾತಾಡುವವರು ಇಬ್ಬರೇ: ನಾನು ಮತ್ತು ಅಕ್ಕ. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಮೈಸೂರು ಕಡೆಯ ನರ್ಸು, ನನಗಿಂತ ಹತ್ತು ವರ್ಷ ದೊಡ್ಡವರು. ಗಂಡ ಮತ್ತು ಮಗಳು ಆಕ್ಲೆಂಡಿನ ತಕಾನಿನಿಯಲ್ಲಿ. ಒಂದು ವರ್ಷ ಚಳಿಗಾಲಕ್ಕೆಂದು ಬೆಟ್ಟದ ಪ್ರಥಮ ಚಿಕಿತ್ಸೆಯ ಕೋಣೆಗೆ ಬಂದವರು ಹಿಮಕ್ಕೆ ಮನಸೋತು, ಮರುವರ್ಷವೂ ಬಂದು, ತರಬೇತಿ ಮುಗಿಸಿ, ಬಿದ್ದವರನ್ನು ಹೋಗಿ ಕರೆತರುವ ಸ್ಕೀ ಪ್ಯಾಟ್ರೋಲ್ ತಂಡಕ್ಕೆ ಸೇರಿದ್ದರು. ಆರಡಿಯ ಗಂಡಸರ ನಡುವೆ ಅವರೊಬ್ಬರು ಐದಡಿ. ಭಾನುವಾರ ಅವರ ಮನೆಯಲ್ಲಿ ಊಟ. ಅವರದು ಅನ್ನ ಸಾರು, ನನ್ನದು ರೊಟ್ಟಿ. ಜೋಳದ ಹಿಟ್ಟು ಆ ಊರಿನ ಡೇರಿ ಎನ್ನುವ ಪುಟ್ಟ ಕಿರಾಣಿ ಅಂಗಡಿಯಲ್ಲಿ ಎಲ್ಲಿ ಸಿಗಬೇಕು, ಡನೀಡಿನ್‌ಗೆ ಹೋದಾಗ ಹೊತ್ತು ತರುತ್ತಿದ್ದೆ. ನನ್ನ ರೊಟ್ಟಿಯನ್ನು ಅವರು ತಟ್ಟೆಯ ಅಂಚಿಗೆ ಬಡಿದು ಸದ್ದು ಕೇಳಿಸುತ್ತಿದ್ದರು. ಆ ದೇಶದಲ್ಲಿ ನನ್ನ ಮನೆಯವರು ಎಂದು ಹೇಳಿಕೊಳ್ಳಲು ನನಗಿದ್ದವರು ಅವರೊಬ್ಬರೇ.

ಭೂಮಿಯ ಆ ಕೆಳಭಾಗದಲ್ಲಿ ಜುಲೈ ಎಂದರೆ ನಡುಚಳಿಗಾಲ. ಆ ಜುಲೈಯ ಒಂದು ಸಂಜೆ ಅಕ್ಕ ವರ್ಕ್‌ಶಾಪಿಗೆ ಬಂದು ಹೆಲ್ಮೆಟ್ ಬೆಂಚಿನ ಮೇಲಿಟ್ಟು ಭುಜ ಹಿಡಿದುಕೊಂಡು ಕೂತರು.

"ಹ್ಯಾಂಡಲ್ ಎಳ್ದು ಎಳ್ದು ಭುಜ ಬಿದ್ದೋಗಿದೆ ಕಣೋ. ಜಡೆ ಹಾಕ್ಕೊಳಕ್ಕೆ ಕೈ ಎತ್ತಕ್ಕಾಗಲ್ಲ. ನಿನ್ನ ಗಾಡಿ ಎಮ್ಮೆ ಆಗಿದೆ."

"ಎಮ್ಮಿ ಅಲ್ರೀ ಅಕ್ಕಾ. ದಪ್ಪ ಮಂದಿಗೆ ಅಂತ ಮಾಡಿದ್ದು ಅದು. ನೀವು ನೋಡಿದ್ರ ಗುಬ್ಬಿ ಹಂಗ ಅದೀರಿ."

"ಗುಬ್ಬಿಗೂ ಓಡ್ಸಕ್ಕಾಗೋ ಹಂಗೆ ಮಾಡ್ಕೊಡು ಮತ್ತೆ," ಎಂದು ನಕ್ಕು, ಭುಜ ತಿಕ್ಕಿಕೊಳ್ಳುತ್ತ ಹೋದರು.

ಅವರು ಅದನ್ನು ತಮಾಷೆಗೆ ಹೇಳಿದ್ದು. ನಾನು ಮನಸ್ಸಿಗೆ ಹಚ್ಚಿಕೊಂಡೆ. ಟ್ರ್ಯಾಕಿನ ಒಳಗೆ, ಮುಂಭಾಗದಲ್ಲಿ, ಸೊಂಟದ ಬೆಲ್ಟಿನಂತೆ ತೂತುಗಳಿರುವ ಒಂದು ದಪ್ಪ ಪಟ್ಟಿ ಇರುತ್ತದೆ. ಅದನ್ನು ಬಿಗಿ ಮಾಡಿದರೆ ಸ್ಕೀಗಳ ಮೇಲೆ ಭಾರ ಬೀಳುತ್ತದೆ, ಸಡಿಲ ಮಾಡಿದರೆ ಟ್ರ್ಯಾಕು ಆ ಭಾರ ಹೊತ್ತುಕೊಂಡು ಹ್ಯಾಂಡಲ್ ಹಗುರವಾಗುತ್ತದೆ. ಮರುದಿನ ಅಕ್ಕನಿಗೆ ರಜೆ. ಗಾಡಿ ಶೆಡ್ಡಿನಲ್ಲಿತ್ತು. ಪಟ್ಟಿಯನ್ನು ಎರಡು ತೂತು ಸಡಿಲ ಬಿಟ್ಟೆ. ಅಕ್ಕನ ಮೈತೂಕಕ್ಕೆ ತಕ್ಕಂತೆ ಹಿಂದಿನ ಸ್ಪ್ರಿಂಗಿನ ಬಿಗಿಯನ್ನೂ ಇಳಿಸಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಇಷ್ಟು ಹೊತ್ತಿಗೆ ಯಾರಿಗೂ ನೆನಪಿರುತ್ತಿರಲಿಲ್ಲ. ಆದರೆ ಕೈ ಸುಮ್ಮನಿರಲಿಲ್ಲ. ಹೊಸ ಹಿಮದಲ್ಲಿ ಗಾಡಿ ನಿಧಾನಕ್ಕೆ ಎತ್ತಿಕೊಳ್ಳುತ್ತದೆ ಎಂದೂ ಅಕ್ಕ ಒಮ್ಮೆ ಹೇಳಿದ್ದು ನೆನಪಾಗಿ, ಚೈನಿನ ಡಬ್ಬಿ ಬಿಚ್ಚಿ ಮೇಲಿನ ಸ್ಪ್ರಾಕೆಟ್, ಅಂದರೆ ಚೈನು ಸುತ್ತುವ ಹಲ್ಲುಚಕ್ರ, ತೆಗೆದು ಎರಡು ಹಲ್ಲು ಕಡಿಮೆ ಇರುವುದನ್ನು ಕೂರಿಸಿದೆ. ಅದರಿಂದ ಓಟ ತುಸು ಕಡಿಮೆಯಾಗಿ ಎಳೆತ ಹೆಚ್ಚುತ್ತದೆ, ಬೆರಳು ತಾಗಿಸಿದರೆ ಸಾಕು ಗಾಡಿ ಮುಂದಕ್ಕೆ ಜಿಗಿಯುತ್ತದೆ.

ಲಿಫ್ಟ್‌ಗಳು ನಿಂತ ಮೇಲೆ, ಬೆಳಕು ಇನ್ನೂ ಇರುವಾಗ, ನಾನೇ ಹತ್ತಿ ಹೋಗಿ ನೋಡಿದೆ. ಮೊಣಕಾಲು ಮಟ್ಟದ ಮೆತ್ತನೆಯ ಹೊಸ ಹಿಮ. ಗಾಡಿ ಎರಡು ಬೆರಳಲ್ಲಿ ತಿರುಗುತ್ತಿತ್ತು. ನಾನು ಅಕ್ಕನಿಗಿಂತ ಒಂದೂವರೆ ಪಾಲು ತೂಕದವನು, ಹಿಂದೆ ಏನೂ ಕಟ್ಟಿರಲಿಲ್ಲ, ಕೆಳಗೆ ಹಿಮ ಹಾಸಿಗೆಯ ಹಾಗಿತ್ತು. ಈ ಮೂರೂ ಅಕ್ಕನ ಪಾಲಿಗೆ ನಿಜವಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಓದಿದವನು ನಾನು. ಭಾರದ ಲೆಕ್ಕವನ್ನು ಕಾಗದದ ಮೇಲೆ ಮಾಡಿ ಪಾಸಾದವನು.

ಹಳದಿ ಚೀಟಿ ಬರೆದೆ, ಹ್ಯಾಂಡಲ್ಲಿಗೆ ಕಟ್ಟಿದೆ ಕೂಡ. ಮನೆಗೆ ಹೊರಡುವ ಮುಂಚೆ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಮರೆತೆ ಎಂದು ಹೇಳಿದರೆ ಕೇಳುವವರಿಗೂ ಹಿತ, ಹೇಳುವವನಿಗೂ ಹಿತ. ನಾನು ಮರೆಯಲಿಲ್ಲ. ನಮ್ಮ ಮನೆಯಲ್ಲಿ ಬೇಕಾದವರಿಗೆ ಮಾಡಿದ್ದನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಅಪ್ಪ ನನ್ನ ಸೈಕಲ್ಲಿಗೆ ಹೊಸ ಬ್ರೇಕು ಹಾಕಿಸಿದರೆ ನಾನು ಬೆಳಗ್ಗೆ ಹತ್ತಿದಾಗಲೇ ಗೊತ್ತಾಗಬೇಕು. ಹೇಳಿದರೆ ಅದು ಹಂಗಿಸಿದ ಹಾಗೆ. ಅಕ್ಕ ಬೆಳಗ್ಗೆ ಗಾಡಿ ಹತ್ತಿ, ಹ್ಯಾಂಡಲ್ ತಿರುಗಿಸಿ, ಸಂಜೆ ಬಂದು "ಏನೋ ಮಾಡಿದೆ ಇದಕ್ಕೆ?" ಎಂದು ಕೇಳಬೇಕೆಂದು ನನಗೆ ಆಸೆಯಾಗಿತ್ತು. ಆ ಒಂದು ಮಾತಿಗಾಗಿ ಚೀಟಿ ಬಿಚ್ಚಿದೆ.

ರಾತ್ರಿಯಿಡೀ ಬೀಸಿದ ಗಾಳಿ ಹೊಸ ಹಿಮವನ್ನೆಲ್ಲ ಗುಡಿಸಿಕೊಂಡು ಹೋಗಿತ್ತು. ಬೆಳಗ್ಗೆ ಬೆಟ್ಟ ಗಾಜಿನಷ್ಟು ಗಟ್ಟಿ. ನಾನು ಬರುವ ಹೊತ್ತಿಗೆ ಅಕ್ಕ ಆಗಲೇ ಹೊರಟಿದ್ದರು. ಬೆಟ್ಟದ ಮೇಲಂಚಿನ ಬಳಿ ಯಾರೋ ಬಿದ್ದು ಮಂಡಿ ತಿರುಚಿಕೊಂಡಿದ್ದರಂತೆ. ರೋಗಿಯನ್ನು ಮಲಗಿಸಿ ತರುವ ಜಾರುಬಂಡಿಯನ್ನು ಗಾಡಿಯ ಹಿಂದೆ ಕಟ್ಟಿ, ಅದರಲ್ಲಿ ಆಕ್ಸಿಜನ್ ಸಿಲಿಂಡರು, ಕಂಬಳಿ, ಬ್ಯಾಂಡೇಜುಗಳನ್ನು ಹೇರಿಕೊಂಡು ಹೋಗಿದ್ದಾರೆ ಎಂದು ಟಿಕೆಟ್ ಕೌಂಟರಿನವಳು ಹೇಳಿದಳು. ನಾನು ಅಲ್ಲೇ ನಿಂತೆ. ಜಾರುಬಂಡಿ ಎಂದ ಕೂಡಲೇ ನಾನು ಕಟ್ಟಿ ನೋಡದೆ ಬಿಟ್ಟ ಹೊರೆ ನೆನಪಾಯಿತು. ಓಡಿಹೋಗಿ ರೇಡಿಯೋದಲ್ಲಿ ನಿಲ್ಲಿ ಎಂದು ಕೂಗಬೇಕಿತ್ತು. ಕೂಗಿದರೆ ಚೀಟಿಯ ವಿಷಯ ಎಲ್ಲರಿಗೂ ತಿಳಿಯುತ್ತದಲ್ಲ ಎಂದು ಯೋಚಿಸಿದೆ. ಯೋಚಿಸುತ್ತಿರುವಾಗಲೇ ರೇಡಿಯೋ ಮಾತಾಡಿತು.

ಆಗಿದ್ದು ಇಷ್ಟು. ಮೇಲಿನ ಏರಿನ ಅರ್ಧದಲ್ಲಿ ದಾರಿ ಬೆಟ್ಟದ ಪಕ್ಕೆಗೆ ಅಡ್ಡಲಾಗಿ ಹೊರಳುತ್ತದೆ. ಹೊರಳುವ ಜಾಗದಲ್ಲಿ ಅಕ್ಕ ಆಕ್ಸಿಲರೇಟರ್ ಒತ್ತಿದರು. ಮೆತ್ತನೆಯ ಹಿಮದಲ್ಲಿ ಟ್ರ್ಯಾಕು ಒಂದಿಷ್ಟು ಜಾರಿ ಆ ಎಳೆತವನ್ನು ನುಂಗಿಕೊಳ್ಳುತ್ತದೆ. ಗಟ್ಟಿ ಹಿಮದಲ್ಲಿ ಹಲ್ಲುಗಳು ಕಚ್ಚಿ ಹಿಡಿದವು. ಸಣ್ಣ ಸ್ಪ್ರಾಕೆಟ್ಟಿನಿಂದಾಗಿ ಗಾಡಿ ಜಿಗಿಯಿತು. ಹಿಂದೆ ಜಾರುಬಂಡಿ ಜಗ್ಗಿತು. ಮೆದುವಾದ ಸ್ಪ್ರಿಂಗು ಕುಸಿಯಿತು. ಸಡಿಲ ಬಿಟ್ಟ ಪಟ್ಟಿ ಮುಂಭಾಗವನ್ನು ಹಿಡಿದಿಡಲಿಲ್ಲ. ಸ್ಕೀಗಳು ನೆಲ ಬಿಟ್ಟು ಎದ್ದದ್ದು ಒಂದು ಗೇಣು ಅಷ್ಟೇ. ಆದರೆ ಒಂದು ಗೇಣು ಮೇಲಿದ್ದರೂ ಸ್ಕೀ ತಿರುಗಿಸುವುದಿಲ್ಲ. ಅಕ್ಕ ಹ್ಯಾಂಡಲ್ ತಿರುಗಿಸಿದರು, ಗಾಡಿ ತಿರುಗಲಿಲ್ಲ. ಇಳಿಜಾರು ಅದನ್ನು ತನ್ನ ಕಡೆ ಎಳೆದುಕೊಂಡಿತು. ಗಾಡಿ ಅಕ್ಕನ ಮೇಲೆ ಒಮ್ಮೆ ಉರುಳಿ, ಇನ್ನೊಮ್ಮೆ ಉರುಳಿ, ಅವರನ್ನು ಬಿಟ್ಟು ಮುಂದೆ ಹೋಯಿತು. ಬಲತೊಡೆಯ ಮೂಳೆ ಎರಡು ಕಡೆ ಮುರಿದಿತ್ತು, ಮಂಡಿ ನುಚ್ಚಾಗಿತ್ತು. ನಾನು ಮಾಡಿದ ಮೂರು ಬದಲಾವಣೆಗಳಲ್ಲಿ ಯಾವ ಒಂದನ್ನೇ ಮಾಡಿದ್ದರೂ ಅವರು ಮೇಲೆ ಹೋಗಿ, ಆ ಮಂಡಿ ತಿರುಚಿಕೊಂಡವನನ್ನು ಕರೆತಂದು, ಚಹಾ ಕುಡಿಯಲು ನನ್ನ ಹತ್ತಿರ ಬರುತ್ತಿದ್ದರು.

ಹೆಲಿಕಾಪ್ಟರ್ ಅಕ್ಕನನ್ನು ಡನೀಡಿನ್‌ಗೆ ಒಯ್ದಿತು. ಮಧ್ಯಾಹ್ನ ಗಾಡಿಯನ್ನು ಎಳೆದು ತಂದು ನನ್ನ ಶೆಡ್ಡಿನಲ್ಲಿ ಇಳಿಸಿದರು. ನಾಳೆ ತನಿಖೆಯವರು ಬರುತ್ತಾರೆ, ಮುಟ್ಟಬೇಡ, ಎಂದು ಯಜಮಾನ ಹೇಳಿ ಕೆಳಗಿನ ಊರಿಗೆ ಹೋದ. ಶೆಡ್ಡಿನಲ್ಲಿ ನಾನೂ ಗಾಡಿಯೂ. ಈ ದೇಶದಲ್ಲೇ ಉಳಿಯಲು ಹಾಕಿದ್ದ ನನ್ನ ರೆಸಿಡೆನ್ಸಿಯ ಅರ್ಜಿ ಆಗ ಇಮಿಗ್ರೇಷನ್ನಿನವರ ಮುಂದಿತ್ತು. ಅದರ ಕೆಳಗೆ ಇದೇ ಯಜಮಾನ ಬರೆದ ಪತ್ರವಿತ್ತು, ಇವನು ನಂಬಿಕಸ್ಥ ಎಂದು. ಪಟ್ಟಿಯನ್ನು ಎರಡು ತೂತು ಬಿಗಿ ಮಾಡಲು ಹತ್ತು ನಿಮಿಷ ಸಾಕು. ಸ್ಪ್ರಿಂಗಿಗೆ ಎರಡೇ ನಿಮಿಷ. ಸ್ಪ್ರಾಕೆಟ್ ಬದಲಾಯಿಸುವಷ್ಟು ಧೈರ್ಯ ಬರಲಿಲ್ಲ, ಅದಕ್ಕೆ ಡಬ್ಬಿಯ ಎಣ್ಣೆ ಬಸಿಯಬೇಕು, ಗುರುತು ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆದುಕೊಂಡೆ. ಎಷ್ಟು ಸಲೀಸಾಗಿ ಮಾಡಿದೆ ಎಂಬುದು ಈಗಲೂ ನನಗೆ ಹೇಸಿಗೆ ತರಿಸುತ್ತದೆ.

ಮರುದಿನ ಬಂದವನು ಬ್ರೇಕು ನೋಡಿದ, ಆಕ್ಸಿಲರೇಟರ್ ಸಿಕ್ಕಿಕೊಳ್ಳುತ್ತದೆಯೋ ನೋಡಿದ, ಪಟ್ಟಿಯ ತೂತುಗಳನ್ನು ಕಂಪನಿಯ ಪುಸ್ತಕದ ಜೊತೆ ಹೋಲಿಸಿ ತಲೆಯಾಡಿಸಿದ. ಹಲ್ಲು ಎಣಿಸಲಿಲ್ಲ. ಇತ್ತೀಚೆಗೆ ಏನಾದರೂ ಬದಲಾವಣೆ ಮಾಡಿದ್ದಿರಾ ಎಂದು ಕೇಳಿದ. ಇಲ್ಲ ಎಂದೆ. ನನ್ನ ಇಂಗ್ಲಿಷು ಅಷ್ಟು ಸ್ಪಷ್ಟವಾಗಿ ಎಂದೂ ಬಂದಿರಲಿಲ್ಲ.

ಎಂಟು ದಿನಕ್ಕೆ ಅಕ್ಕನನ್ನು ನೋಡಲು ಹೋದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅವರು ಇನ್ನೂ ಚಿಕ್ಕವರಾಗಿ ಕಂಡರು. ಕಾಲಿನ ಹೊರಗೆ ಕಬ್ಬಿಣದ ಸರಳು. ಭಾವ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ನಾನು ಬಾಗಿಲಲ್ಲಿ ನಿಂತಿರುವಾಗಲೇ ಅಕ್ಕ ಅಂದರು, "ನಿನ್ನ ಗಾಡಿ ಹಾಳ್ ಮಾಡ್ಬಿಟ್ಟೆ ಕಣಪ್ಪಾ. ಬೇಜಾರ್ ಮಾಡ್ಕೋಬೇಡ."

"ಗಾಡಿ ಹೋಗ್ಲಿ ಬಿಡ್ರೀ ಅಕ್ಕಾ," ಎಂದೆ. ತಂದಿದ್ದ ರೊಟ್ಟಿಯ ಡಬ್ಬಿ ಮೇಜಿನ ಮೇಲಿಟ್ಟು, ಹವೆಯ ಬಗ್ಗೆ ಏನೋ ಹೇಳಿ ಹೊರಬಿದ್ದೆ. ಕಾರಿಡಾರಿನಲ್ಲಿ ಅವರ ಹತ್ತು ವರ್ಷದ ಮಗಳು ಫೋನು ನೋಡುತ್ತ ಕೂತಿದ್ದಳು. ಊಟ ಆಯಿತೇನಮ್ಮಾ ಎಂದು ಕೇಳಿದೆ. "ಯಾ," ಎಂದಳು. ಆಮೇಲೆ ನಾನು ಕೇಳದೆಯೇ, ತಲೆ ಎತ್ತದೆ, "ಇಟ್ ವಾಸ್ ಮಮ್ಸ್ ಫಾಲ್ಟ್. ಶೀ ಟೋಲ್ಡ್ ಅಸ್," ಎಂದಳು. ನಾನು ಆ ಮಗುವಿನ ಪಕ್ಕದಲ್ಲಿ ಎರಡು ನಿಮಿಷ ಕೂತು ಎದ್ದು ಬಂದೆ. ಅಲ್ಲಿಯೂ ಹೇಳಲಿಲ್ಲ.

ವರದಿ ಬಂತು. ಗಾಡಿ ಸುಸ್ಥಿತಿಯಲ್ಲಿತ್ತು, ಯಾವ ಮಾರ್ಪಾಡೂ ಇರಲಿಲ್ಲ, ಗಟ್ಟಿ ಹಿಮದ ಮೇಲೆ ಹೊರೆ ಎಳೆಯುವಾಗ ಸವಾರರು ಅಗತ್ಯಕ್ಕಿಂತ ಹೆಚ್ಚು ಆಕ್ಸಿಲರೇಟರ್ ಕೊಟ್ಟದ್ದೇ ಕಾರಣ ಎಂದಿತ್ತು. ಅಕ್ಕ ಅದಕ್ಕೆ ಸಹಿ ಹಾಕಿ ಕಳಿಸಿದರು. ತಂಡದ ಗಂಡಸರು ಚಹಾ ಕುಡಿಯುತ್ತ, ಎಷ್ಟೆಂದರೂ ಅಷ್ಟು ಹಗುರದ ಹೆಂಗಸಿಗೆ ಆ ಗಾಡಿ ಕೊಡಬಾರದಿತ್ತು ಎಂದು ಮಾತಾಡಿಕೊಂಡರು. ನಾನು ಅವರ ಕಪ್ಪುಗಳನ್ನು ತೊಳೆದಿಟ್ಟೆ.

ಅಕ್ಕ ಡನೀಡಿನ್‌ನಲ್ಲೇ ಉಳಿದರು. ಇನ್ನೂ ಎರಡು ಆಪರೇಷನ್ ಇದ್ದವು. ನಾನು ಎರಡು ವಾರಕ್ಕೊಮ್ಮೆ ಹೋಗುತ್ತಿದ್ದೆ. ಕಾಲು ಕೂಡಿಕೊಳ್ಳುತ್ತ ಬಂತು, ಆದರೆ ಇನ್ನೇನೋ ಬಿಟ್ಟುಹೋಗಿತ್ತು. ಕೂತು ಮಾಡುವ ಕೆಲಸ, ಬರೀ ರಕ್ತ ತೆಗೆಯುವುದು, ಬರುತ್ತೀಯಾ ಎಂದು ಪರಿಚಯದ ಲ್ಯಾಬಿನವರು ಕೇಳಿದ್ದರು. ಅಕ್ಕ ಒಲ್ಲೆ ಎಂದಿದ್ದರು. ನರ ಸಿಗದ ಮುದುಕರಿಗೆ, ಚಳಿಯಲ್ಲಿ ಸೆಟೆದುಕೊಂಡವರಿಗೆ, ಮೊದಲ ಸಲಕ್ಕೇ ಸೂಜಿ ಹಾಕುತ್ತಿದ್ದ ಕೈ ಅವರದು. ಕಣ್ಣಿಗಿಂತ ಬೆರಳಿಗೆ ಮೊದಲು ಗೊತ್ತಾಗುತ್ತೆ ಎನ್ನುತ್ತಿದ್ದರು. ಈಗ ಚಹಾ ಬಗ್ಗಿಸುವಾಗ ಕಪ್ಪಿನ ಅಂಚಿಗೆ ಕೆಟಲ್ ತಾಗಿಸಿ ನೋಡಿಕೊಂಡು ಬಗ್ಗಿಸುತ್ತಿದ್ದರು. ಔಷಧಿಯ ಪರಿಣಾಮ ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದೇ ನನಗೆ ಅನುಕೂಲವಾಗಿತ್ತು.

ಜನವರಿಯಲ್ಲಿ ಅಕ್ಕ ತಕಾನಿನಿಗೆ ಹೊರಟರು, ಶಾಶ್ವತವಾಗಿ. ಭಾವನಿಗೆ ರಜೆ ಸಿಗದೆ, ವಿಮಾನ ನಿಲ್ದಾಣಕ್ಕೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಊರು ದಾಟಿ ಹೆದ್ದಾರಿಗೆ ಬಂದ ಮೇಲೆ ಬಾಯಿ ಬಿಟ್ಟೆ. ಪಟ್ಟಿ, ಸ್ಪ್ರಿಂಗು, ಸ್ಪ್ರಾಕೆಟ್ಟು, ಬಿಚ್ಚಿದ ಚೀಟಿ, ತನಿಖೆಗೆ ಮುಂಚೆ ಮತ್ತೆ ಬಿಗಿ ಮಾಡಿದ್ದು, ಎಲ್ಲ ಒಂದೇ ಉಸಿರಿಗೆ.

ಅಕ್ಕ ರಸ್ತೆ ನೋಡುತ್ತಲೇ ಕೇಳಿದರು, "ನಿನ್ ಪೇಪರ್ಸ್ ಬಂತಾ?"

"ಬಂದಾವ್ರೀ."

"ಯಾವಾಗ?"

"ಹೋದ ವಾರ."

ಅವರು ತಲೆಯಾಡಿಸಿದರು.

"ಅವತ್ತು ಪಾರ್ಕಿಂಗ್ ಬಿಟ್ಟ ತಕ್ಷಣ ನಂಗೆ ಗೊತ್ತಾಯ್ತು," ಎಂದರು. "ಹ್ಯಾಂಡಲ್ ಹಗುರ ಆಗಿತ್ತು. ಓ, ಇವ್ನು ನನ್ ಭುಜಕ್ಕೆ ಅಂತ ಏನೋ ಮಾಡಿದಾನೆ ಅಂದ್ಕೊಂಡೆ. ಖುಷಿ ಆಯ್ತು ಕಣೋ. ನೀನ್ ಮಾಡಿದ್ದು ಅಂದ್ಮೇಲೆ ನೋಡ್ಕೊಂಡೇ ಮಾಡಿರ್ತೀಯ ಅಂತ ಮೇಲಕ್ಕೆ ಹೋದೆ."

"ಅಕ್ಕಾ, ತನಿಖೆ ಮಾಡೋರಿಗೆ ಯಾಕ ಹೇಳ್ಲಿಲ್ರೀ?"

"ನಿನ್ ಪೇಪರ್ಸ್ ಒಳಗಿತ್ತಲ್ಲ. ಅವ್ರು ಹೆಂಗೂ ಗಾಡಿ ನೋಡ್ತಾರೆ, ನೀನೂ ಹೇಳ್ತೀಯ, ನನ್ ಬಾಯಿಂದ ಯಾಕೆ ಬರ್ಬೇಕು ಅಂತ ಸುಮ್ಮನಾದೆ. ರಿಪೋರ್ಟ್ ಬಂತು. ಪಟ್ಟಿ ಸರಿಯಿತ್ತು, ಸ್ಪ್ರಿಂಗ್ ಸರಿಯಿತ್ತು, ಏನೂ ಬದಲಾಗಿಲ್ಲ ಅಂತ. ಹಂಗಾದ್ರೆ ಹಗುರ ಅನ್ಸಿದ್ದು ಏನು? ನನ್ ಕೈ ನಂಗೇ ಸುಳ್ಳು ಹೇಳಿದೆ ಅಂದ್ಕೊಂಡೆ. ಅವತ್ತಿಂದ ನಾನು ಯಾರಿಗೂ ಸೂಜಿ ಹಾಕಿಲ್ಲ. ಎಲ್ಲಿ ಚುಚ್ಬಿಡ್ತೀನೋ ಅಂತ ಭಯ."

ನಾನು ಯೂಟನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಓಡಿಸಲು ಆಗಲಿಲ್ಲ. ಇಷ್ಟು ತಿಂಗಳು ನಾನು ಮಾಡಿದ ತಪ್ಪು ಆ ಪಟ್ಟಿಯನ್ನು ಸಡಿಲ ಬಿಟ್ಟದ್ದು ಎಂದು ತಿಳಿದಿದ್ದೆ. ಬಿಗಿ ಮಾಡಿದ್ದು ಬರೀ ಅಂಜುಬುರುಕತನ ಎಂದು ನನಗೆ ನಾನೇ ರಿಯಾಯಿತಿ ಕೊಟ್ಟುಕೊಂಡಿದ್ದೆ.

"ಅಳಬೇಡ," ಎಂದರು ಅಕ್ಕ. ಸಮಾಧಾನಕ್ಕೆ ಹೇಳಿದ್ದಲ್ಲ, ವಿಮಾನಕ್ಕೆ ಹೊತ್ತಾಗುತ್ತದೆ ಎಂದು ಹೇಳಿದ್ದು. "ಬರ್ದು ಕೊಡು ಅವ್ರಿಗೆ. ನನ್ ಹೆಸರಿನ ಮುಂದೆ ಇರೋ ಆ ಸಾಲು ಹೋಗ್ಲಿ. ನನ್ ಮಗಳಿಗೂ ನೀನೇ ಫೋನ್ ಮಾಡಿ ಹೇಳು."

ಬರೆದೆ, ಅದೇ ಸಂಜೆ. ಮುದುಕ ಯಜಮಾನ ಓದಿ, ದನಿ ಎತ್ತದೆ, ಶೆಡ್ಡಿನ ಬೀಗದ ಕೈಗಾಗಿ ಅಂಗೈ ಚಾಚಿದ. ಮಗಳಿಗೂ ಫೋನ್ ಮಾಡಿದೆ. ಅವಳು "ಓಕೆ" ಎಂದು ಇಟ್ಟುಬಿಟ್ಟಳು.

ಆದರೆ ಅದೆಲ್ಲ ಆಮೇಲೆ. ಆ ಮಧ್ಯಾಹ್ನ ನಿಲ್ದಾಣದ ಬಾಗಿಲಲ್ಲಿ ಯೂಟ್ ನಿಲ್ಲಿಸಿ, ಅಕ್ಕನ ಬ್ಯಾಗು ಇಳಿಸಿದೆ. ಅವರು ಕೋಲು ಊರಿ ಇಳಿದು, ಬ್ಯಾಗಿನ ಹಿಡಿಯನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಅಕ್ಕಾ," ಎಂದೆ. "ಏನರ ಅನ್ರೀ."

ಅವರು ಯೋಚಿಸಿದರು. ಸುಳ್ಳು ಹೇಳುವವರಲ್ಲ ಅವರು.

"ಕಾಲಿಗೆ ಆಗಿದ್ದನ್ನ ಕ್ಷಮಿಸಿದೀನಿ ಕಣಪ್ಪಾ," ಎಂದರು. "ಕೈಗೆ ಮಾಡಿದ್ದು ಇನ್ನೂ ಗೊತ್ತಿಲ್ಲ."

ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಅಕ್ಕ ಒಳಗೆ ಹೋಗಿ ಸಾಲಿನಲ್ಲಿ ನಿಂತರು.